ತುಂಡು ತುಂಡಾಗಿ ಮಾರಲೆಂದೇ ಮಾಡಿಸುವ ಪೋಸ್ಟರ್‌ಗಳು

ಈಚಿನ ದೊಡ್ಡ ಬಜೆಟ್ಟಿನ ಸಿನಿಮಾಗಳ ಪೋಸ್ಟರ್‌ಗಳಲ್ಲಿ ಬಹುಪಾಲು ಒಂದೇ ಅಚ್ಚಿನವು: ನಡುವೆ ನಾಯಕನ ದೊಡ್ಡ ಮುಖ, ಸುತ್ತ ಅವರವರ ಅಂತಸ್ತಿಗೆ ತಕ್ಕಂತೆ ಚಿಕ್ಕದಾಗುತ್ತಾ ಹೋಗುವ ಉಳಿದ ಮುಖಗಳು, ಕೆಳಗೆ ಹೊಗೆಯೋ ಬೆಂಕಿಯೋ. ಇದನ್ನು ವಿನ್ಯಾಸಕಾರರ ಸೋಮಾರಿತನವೆಂದು ಬೈಯುವವರಿದ್ದಾರೆ, ನಾನು ಒಪ್ಪುವುದಿಲ್ಲ. ಈ ಚಿತ್ರಗಳು ಗೋಡೆಗಿಂತ ಹೆಚ್ಚಾಗಿ ಸಿನಿಮಾದ ಹೆಸರಿನಲ್ಲಿ ಮಾರುವ ಟೀ ಶರ್ಟಿನಂಥ ಅಂಗಡಿಯ ಸರಕಿಗಾಗಿ ತಯಾರಾಗುತ್ತಿವೆ. ವಿಚಿತ್ರವೆಂದರೆ, ಸರಕಿನ ಮೇಲೂ ಅವು ಹೆಚ್ಚು ದಿನ ಬಾಳುವುದಿಲ್ಲ.

ಉದ್ಯಮದವರು 'ಕೀ ಆರ್ಟ್' ಎನ್ನುವ ಮೂಲಚಿತ್ರದಲ್ಲಿ ಪಾತ್ರಗಳು, ಹಿನ್ನೆಲೆ, ಶೀರ್ಷಿಕೆಯ ಅಕ್ಷರಗಳು ಬೇರೆ ಬೇರೆ ಪದರಗಳಲ್ಲಿರುತ್ತವೆ. ಲೈಸೆನ್ಸ್ ಪಡೆದ ಕಂಪನಿಗಳಿಗೆ ಯಾವ ಬಣ್ಣ, ಯಾವ ಭಂಗಿ, ಲೋಗೊ ಸುತ್ತ ಎಷ್ಟು ಜಾಗ ಎಂಬುದನ್ನೆಲ್ಲ ವಿವರಿಸುವ ಸ್ಟೈಲ್ ಗೈಡ್ ಸಿಗುತ್ತದೆ. ಅವರು ಬೇಕಾದ ತುಂಡನ್ನು ತೆಗೆದು ಟೀ ಶರ್ಟಿಗೋ ಕಾಫಿ ಮಗ್‌ಗೋ ಹಾಕಿಕೊಳ್ಳುತ್ತಾರೆ. ಯಾರ ಮುಖ ಎಷ್ಟು ದೊಡ್ಡದಿರಬೇಕು, ಯಾರ ಹೆಸರು ಮೊದಲು ಬರಬೇಕು ಎಂಬುದನ್ನು ನಟರ ಒಪ್ಪಂದಗಳೇ ಎಷ್ಟೋ ಬಾರಿ ತೀರ್ಮಾನಿಸುತ್ತವೆ. ಹೀಗೆ ವಕೀಲರೂ ಮಾರಾಟ ವಿಭಾಗದವರೂ ಸೇರಿ ಹೊಂದಿಸಿದ ಚಿತ್ರದಲ್ಲಿ ಒಂದು ಕಲ್ಪನೆಯನ್ನು ಹುಡುಕುವುದು ವ್ಯರ್ಥ.

ಪೋಸ್ಟರ್ ಎಂಬುದು ಮೊದಲಿಗೆ ಮಾರುವ ವಸ್ತುವೇ ಆಗಿರಲಿಲ್ಲ. ಅಮೆರಿಕದಲ್ಲಿ 1940ರಿಂದ ದಶಕಗಳ ಕಾಲ ಪೋಸ್ಟರ್ ವಿತರಣೆಯನ್ನು ಕೈಯಲ್ಲಿಟ್ಟುಕೊಂಡಿದ್ದ ನ್ಯಾಷನಲ್ ಸ್ಕ್ರೀನ್ ಸರ್ವಿಸ್, ಇದು ತನ್ನ ಆಸ್ತಿ, ಪ್ರದರ್ಶನ ಮುಗಿದೊಡನೆ ಹಿಂದಿರುಗಿಸತಕ್ಕದ್ದು ಎಂಬ ಸೂಚನೆಯನ್ನು ಪೋಸ್ಟರಿನ ಅಂಚಿನಲ್ಲೇ ಮುದ್ರಿಸುತ್ತಿತ್ತು. ಹಾಗೆ ಹಿಂದಿರುಗಿಸದೆ ಉಳಿದುಹೋದ ಹಾಳೆಗಳಿಗೇ ಇಂದು ಸಂಗ್ರಾಹಕರು ಮುಗಿಬೀಳುತ್ತಾರೆ.

ಈಗ ಸರಕಿನ ಮೇಲೆ ನಿಜವಾಗಿಯೂ ಬಾಳಿದ ಚಿತ್ರಗಳನ್ನು ನೋಡೋಣ. 'ಜಾಸ್' ಚಿತ್ರದ ಶಾರ್ಕ್ ಅನ್ನು ರೋಜರ್ ಕಾಸ್ಟೆಲ್ ಬರೆದದ್ದು ಸಿನಿಮಾಕ್ಕಲ್ಲ, ಕಾದಂಬರಿಯ ಪೇಪರ್‌ಬ್ಯಾಕ್ ಮುಖಪುಟಕ್ಕೆ. 1975ರಲ್ಲಿ ಸಿನಿಮಾದವರು ಅದನ್ನೇ ಪೋಸ್ಟರಿಗೆ ಎತ್ತಿಕೊಂಡರು. 'ಜುರಾಸಿಕ್ ಪಾರ್ಕ್' ಚಿತ್ರದ ಡೈನೋಸಾರ್ ಅಸ್ಥಿಪಂಜರದ ಮೂಲವೂ 1990ರಲ್ಲಿ ಚಿಪ್ ಕಿಡ್ ರೂಪಿಸಿದ ಪುಸ್ತಕದ ಮುಖಪುಟವೇ. 1993ರ ಸಿನಿಮಾದಲ್ಲಿ ಆ ಲಾಂಛನವು ಕಥೆಯೊಳಗಿನ ಉದ್ಯಾನದ ಜೀಪುಗಳ ಮೇಲೂ ಅಲ್ಲಿ ಮಾರಾಟಕ್ಕಿಟ್ಟ ಸಾಮಾನುಗಳ ಮೇಲೂ ಕಾಣುತ್ತದೆ. ಸಿನಿಮಾ ತನ್ನ ಸರಕನ್ನು ತನ್ನೊಳಗೇ ಪ್ರದರ್ಶಿಸಿಕೊಂಡ ಆ ಜಾಣತನವನ್ನು ಮೆಚ್ಚಲೇಬೇಕು. 1989ರ 'ಬ್ಯಾಟ್‌ಮ್ಯಾನ್' ಇನ್ನೂ ಧೈರ್ಯ ತೋರಿತು: ಪೋಸ್ಟರಿನ ತುಂಬ ಬಾವಲಿಯ ಲಾಂಛನ, ಜೊತೆಗೆ ಬಿಡುಗಡೆಯ ದಿನಾಂಕ, ಅಷ್ಟೇ. ಈ ಮೂರರಲ್ಲೂ ನಟರ ಮುಖವಿಲ್ಲ. ಅಂಗುಲದಷ್ಟು ಚಿಕ್ಕದು ಮಾಡಿದರೂ, ಬಣ್ಣ ಕಳೆದರೂ ಅವು ಕೆಡುವುದಿಲ್ಲ. ಹತ್ತು ಮುಖಗಳ ಪೋಸ್ಟರನ್ನು ಕೀ ಚೈನಿಗೆ ಇಳಿಸಿದರೆ ಉಳಿಯುವುದು ಬರೀ ಕಲೆ ಹತ್ತಿದಂಥ ಕಪ್ಪು.

ಇಲ್ಲಿ ನನ್ನ ತಕರಾರು ಸೌಂದರ್ಯದ್ದಷ್ಟೇ ಅಲ್ಲ. ಪೋಸ್ಟರ್ ಕಲಾವಿದರು ಸಾಮಾನ್ಯವಾಗಿ ಒಂದೇ ಸಲದ ಸಂಭಾವನೆಗೆ ಹಕ್ಕುಗಳನ್ನೆಲ್ಲ ಬಿಟ್ಟುಕೊಡುತ್ತಾರೆ. ಆಮೇಲೆ ಚಿತ್ರ ಎಷ್ಟು ಸರಕಿನ ಮೇಲೆ ಅಚ್ಚಾದರೂ ರಾಯಲ್ಟಿ ಸ್ಟುಡಿಯೊದ್ದೇ. ಕಾಸ್ಟೆಲ್ ಬರೆದ ಮೂಲ ತೈಲಚಿತ್ರವಂತೂ ಕಳೆದೇ ಹೋಯಿತು, ಅದರ ಪ್ರತಿಗಳು ಮಾತ್ರ ಇಂದಿಗೂ ಮಾರಾಟವಾಗುತ್ತಿವೆ.

ಬೇರೆ ರೀತಿಯಲ್ಲಿ ನಡೆಯಲು ಸಾಧ್ಯವಿಲ್ಲವೆಂಬ ವಾದವನ್ನು ನಾನು ನಂಬುವುದಿಲ್ಲ. ಅಮೆರಿಕದ ಆಸ್ಟಿನ್ ನಗರದಲ್ಲಿ ಹುಟ್ಟಿದ ಮೊಂಡೊದಂಥ ಸಂಸ್ಥೆಗಳು ಹಳೆಯ ಸಿನಿಮಾಗಳಿಗೆ ಲೈಸೆನ್ಸ್ ಪಡೆದು, ಕಲಾವಿದರಿಂದ ಹೊಸದಾಗಿ ಬರೆಸಿ, ಸೀಮಿತ ಸಂಖ್ಯೆಯ ಸ್ಕ್ರೀನ್ ಪ್ರಿಂಟುಗಳನ್ನು ಕಲಾವಿದರ ಹೆಸರಿನೊಂದಿಗೇ ಮಾರಿದವು. ಕೊಳ್ಳುವವರೂ ಆ ಹೆಸರನ್ನು ನೋಡಿಯೇ ಕೊಂಡರು. ಸ್ಟುಡಿಯೊಗಳು ತಮ್ಮ ಟೀ ಶರ್ಟಿನ ಒಳಪಟ್ಟಿಯಲ್ಲಿ ಒಗೆಯುವ ವಿಧಾನವನ್ನು ನಾಲ್ಕು ಭಾಷೆಗಳಲ್ಲಿ ಮುದ್ರಿಸಬಲ್ಲವಾದರೆ, ಚಿತ್ರ ಬರೆದವರ ಹೆಸರನ್ನೂ ಅಲ್ಲೇ ಒಂದು ಸಾಲಿನಲ್ಲಿ ಮುದ್ರಿಸಬಹುದು.