ವೇಳಾಪಟ್ಟಿಗಿಂತ ಮೊದಲು ಭಾಷೆ

ಮೊದಲ ವರ್ಷದ ಎಂಜಿನಿಯರಿಂಗ್ ವಿದ್ಯಾರ್ಥಿಗಳು ವೇಳಾಪಟ್ಟಿ ಹಾಕಿಕೊಂಡು ಓದಿದರೆ ಹೊಸ ವಾತಾವರಣಕ್ಕೆ ತಾವಾಗಿಯೇ ಹೊಂದಿಕೊಳ್ಳುತ್ತಾರೆ ಎಂಬ, ನಾನು ಓದಿದ ಲೇಖನವೊಂದರ ಲೇಖಕರ ಮಾತನ್ನು ನಾನು ಪೂರ್ತಿಯಾಗಿ ಒಪ್ಪಲಾರೆ. ಹತ್ತನೆಯ ತರಗತಿಯವರೆಗೆ ವಿಜ್ಞಾನವನ್ನು ಕನ್ನಡದಲ್ಲಿ, ‘ವೇಗೋತ್ಕರ್ಷ’, ‘ಜಡತ್ವ’ ಎಂದು ಕಲಿತು, ಪಿಯುಸಿಯ ಇಂಗ್ಲಿಷ್ ಪಠ್ಯವನ್ನು ಉಪನ್ಯಾಸಕರ ಕನ್ನಡ ವಿವರಣೆಯ ಆಸರೆಯಿಂದ ದಾಟಿದ ನನಗೆ, ಕಾಲೇಜಿನಲ್ಲಿ ಆ ಆಸರೆಯೂ ತಪ್ಪಿದಾಗ ಕಷ್ಟವಾದದ್ದು ಪಾಠವಲ್ಲ, ಎದ್ದು ನಿಂತು ಸಂದೇಹ ಕೇಳುವುದು. ಪ್ರಶ್ನೆಯನ್ನು ನೋಟ್‌ಬುಕ್ಕಿನ ಕೊನೆಯ ಪುಟದಲ್ಲಿ ಇಂಗ್ಲಿಷಿನಲ್ಲಿ ಬರೆದುಕೊಂಡು, ವ್ಯಾಕರಣ ಸರಿಯಿದೆಯೇ ಎಂದು ನೋಡುವಷ್ಟರಲ್ಲಿ ಬೋರ್ಡು ಅಳಿಸಿಹೋಗಿರುತ್ತಿತ್ತು. ಕನ್ನಡ ಬಾರದವರಿಗೆಂದು ವಿಶ್ವೇಶ್ವರಯ್ಯ ತಾಂತ್ರಿಕ ವಿಶ್ವವಿದ್ಯಾಲಯದ (ವಿಟಿಯು) ಪಠ್ಯಕ್ರಮದಲ್ಲಿ ‘ಬಳಕೆ ಕನ್ನಡ’ವಿದೆ (ಅದು ಸರಿಯೇ); ಸಂವಹನ ಇಂಗ್ಲಿಷ್ ಕೂಡ ಇದೆ. ಆದರೆ ತರಗತಿಯಲ್ಲಿ ಬಾಯಿ ಬಿಡುವ ಧೈರ್ಯ ನನಗೆ ಬಂದದ್ದು, ಹಾಸ್ಟೆಲಿನ ಸೀನಿಯರ್ ಒಬ್ಬರು ರಾತ್ರಿಯೂಟದ ನಂತರ ಕನ್ನಡದಲ್ಲಿಯೇ ಲೆಕ್ಕ ಬಿಡಿಸಿ ತೋರಿಸತೊಡಗಿದ ಮೇಲೆ.