ಪುಟದ ಪಾದಮೂಲದಲ್ಲಿ

ನಮ್ಮ ಬಡಾವಣೆಯ ಸಹಕಾರ ಸಂಘಕ್ಕೊಂದು ಜಾಲತಾಣ ಮಾಡಿಕೊಡಲು ಒಪ್ಪಿದ ನನ್ನ ಅಕ್ಕನ ಮಗ, ಚಿತ್ರ, ಬಣ್ಣ, ಅಕ್ಷರವಿನ್ಯಾಸಗಳನ್ನೆಲ್ಲ ತಾನೇ ನಿರ್ಧರಿಸಿ, ಕಟ್ಟಕಡೆಗೆ ಉಳಿದ, ಪ್ರತಿ ಪುಟದ ಬುಡದಲ್ಲಿ ಬರುವ ಫುಟರ್ ಎಂಬ ಪಟ್ಟಿಯ ಬರಹವನ್ನು ಮಾತ್ರ ನನ್ನ ಕೊರಳಿಗೆ ಕಟ್ಟಿದನು. "ಮಾವ, ಅದನ್ನು ಯಾರೂ ಓದುವುದಿಲ್ಲ, ನೀವು ಏನು ಬರೆದರೂ ನಡೆಯುತ್ತದೆ" ಎಂದು ಧೈರ್ಯವನ್ನೂ ತುಂಬಿದನು.

ಈ ಮಾತನ್ನು ನಾನು ಒಪ್ಪಲಾರೆ. ಮುಂಬಾಗಿಲು ತಟ್ಟಿ ತಟ್ಟಿ ಸಾಕಾದ ನೆಂಟನು ಮನೆಯನ್ನು ಬಳಸಿಕೊಂಡು ಹಿತ್ತಲಿಗೆ ಬರುವಂತೆ, ಮೇಲಿನ ಪಟ್ಟಿಗಳಲ್ಲಿ ಬೇಕಾದದ್ದು ಸಿಗದವನೇ ಪುಟದ ಬುಡಕ್ಕೆ ಇಳಿಯುತ್ತಾನೆ. ಅವನಿಗೆ ಬೇಕಾಗಿರುವುದು ಒಂದು ವಿಳಾಸ, ಒಂದು ಫೋನ್ ಸಂಖ್ಯೆ, ಕಚೇರಿ ಎಷ್ಟು ಹೊತ್ತಿಗೆ ತೆರೆಯುತ್ತದೆ ಎಂಬ ಒಂದು ಸಾಲು. ಕೆಳಗೆ ಹೋದಷ್ಟೂ ಹೊಸ ಸುದ್ದಿ ತುಂಬಿಕೊಳ್ಳುತ್ತಲೇ ಇರುವ ತಾಣಗಳಲ್ಲಂತೂ ಫುಟರ್ ಅರೆಕ್ಷಣ ಮುಖ ತೋರಿಸಿ ಮತ್ತೆ ಕೆಳಕ್ಕೆ ಜಾರಿಬಿಡುತ್ತದೆ. ಅಂಥ ಒಂದು ತಾಣದಲ್ಲಿ 'ಸಂಪರ್ಕಿಸಿ' ಎಂಬ ಕೊಂಡಿಯನ್ನು ಒತ್ತಲು ನಾನು ಕಾಲು ಗಂಟೆ ಬಿಸಿಲ್ಗುದುರೆಯ ಬೆನ್ನು ಹತ್ತಿದ್ದುಂಟು.

ಕೊನೆಯ ಸಾಲುಗಳ ಬೆಲೆಯನ್ನು ನಮ್ಮ ಶಾಸನಗಳನ್ನು ಬರೆಸಿದವರು ಚೆನ್ನಾಗಿ ಬಲ್ಲವರಾಗಿದ್ದರು. ದಾನದ ವಿವರ, ಭೂಮಿಯ ಎಲ್ಲೆಗಳೆಲ್ಲ ಮುಗಿದ ಮೇಲೆ ಬರೆದವನ ಹೆಸರೋ ಕಂಡರಿಸಿದ ರೂವಾರಿಯ ಹೆಸರೋ ಹಲವು ಶಾಸನಗಳಲ್ಲಿ ಬರುತ್ತದೆ. ಇಂದಿನ 'ವಿನ್ಯಾಸ ಮತ್ತು ಅಭಿವೃದ್ಧಿ' ಎಂಬ ಸಾಲಿಗೆ ಅದೇ ಹಿರಿಯಜ್ಜ. ಜೊತೆಗೆ 'ಸ್ವದತ್ತಾಂ ಪರದತ್ತಾಂ ವಾ' ಎಂಬ ಶ್ಲೋಕವೂ ಇರುತ್ತದೆ. ತಾನು ಕೊಟ್ಟದ್ದಾಗಲಿ ಪರರು ಕೊಟ್ಟದ್ದಾಗಲಿ, ದಾನದ ಭೂಮಿಯನ್ನು ಅಪಹರಿಸಿದವನು 60 ಸಾವಿರ ವರ್ಷ ಮಲದ ಹುಳುವಾಗಿ ಹುಟ್ಟುತ್ತಾನೆಂದು ಅದರ ಎಚ್ಚರಿಕೆ. ನಮ್ಮ 1957ರ ಕೃತಿಸ್ವಾಮ್ಯ ಕಾಯ್ದೆಯಾದರೋ ಲೇಖಕನ ಮರಣಾನಂತರ 60 ವರ್ಷಗಳ ರಕ್ಷಣೆಗೆ ತೃಪ್ತವಾಗಿದೆ, ಹುಳುವಿನ ಪ್ರಸ್ತಾಪವೂ ಅದರಲ್ಲಿಲ್ಲ. ಈಗ ಎಲ್ಲರೂ ಕಣ್ಣು ಮುಚ್ಚಿ ಬರೆಯುವ 'ಎಲ್ಲ ಹಕ್ಕುಗಳನ್ನು ಕಾಯ್ದಿರಿಸಲಾಗಿದೆ' ಎಂಬ ವಾಕ್ಯವು ಅಮೆರಿಕ ಖಂಡದ ದೇಶಗಳು 1910ರಲ್ಲಿ ಬ್ಯೂನಸ್ ಐರಿಸ್‌ನಲ್ಲಿ ಮಾಡಿಕೊಂಡ ಒಪ್ಪಂದದ ಅಗತ್ಯಕ್ಕಾಗಿ ಚಾಲ್ತಿಗೆ ಬಂದದ್ದು. ಆ ಒಪ್ಪಂದದಲ್ಲಿ ಭಾರತವಿರಲಿಲ್ಲ. ಹಾಗೆ ಬರೆಯದಿದ್ದರೂ ಹಕ್ಕು ಎಲ್ಲಿಯೂ ಹೋಗುವುದಿಲ್ಲ. ಆದರೂ ಆ ಸಾಲಿಲ್ಲದ ಫುಟರ್ ನನಗೇ ಬೋಳುಬೋಳಾಗಿ ಕಂಡದ್ದರಿಂದ ಉಳಿಸಿಕೊಂಡೆ.

ಆ ಸಾಲಿನ ಪಕ್ಕದಲ್ಲಿ ಹಾಕುವ ಇಸವಿಯ ವಿಷಯದಲ್ಲಿ ಮಾತ್ರ ನಾನು ಹಟ ಹಿಡಿದೆ. ಹಳೆಯ ಇಸವಿಯನ್ನು ಹೊತ್ತ ಫುಟರ್, ಅಂಗಡಿಯ ಗೋಡೆಯಲ್ಲಿ ಹರಿಯದೆ ಉಳಿದ ಹಳೆಯ ಕ್ಯಾಲೆಂಡರಿನಂತೆ, ಒಳಗೆ ಯಾರಾದರೂ ಇದ್ದಾರೆಯೇ ಎಂಬ ಅನುಮಾನವನ್ನು ಹುಟ್ಟಿಸುತ್ತದೆ. ಪ್ರತಿ ಜನವರಿ ಒಂದರಂದು ಇಸವಿ ತಾನಾಗಿಯೇ ಬದಲಾಗುವಂತೆ ಮಾಡುವುದು ಸುಲಭವೆಂದು ಹುಡುಗ ಹೇಳಿದನು. ಯಾರೂ ಮುಟ್ಟದ ಪುಟವು ತನ್ನನ್ನು ಹೊಸದೆಂದು ಹೇಳಿಕೊಳ್ಳುವುದು ಅದಕ್ಕಿಂತ ದೊಡ್ಡ ಸುಳ್ಳು. ಸರಕಾರಿ ತಾಣಗಳಲ್ಲಿರುವಂತೆ, ಕೊನೆಯ ಸಲ ಪರಿಷ್ಕರಿಸಿದ ದಿನಾಂಕವನ್ನು ಹಾಕೆಂದೆ.

ಅವನು ಬೂದು ಹಿನ್ನೆಲೆಯ ಮೇಲೆ ಇನ್ನಷ್ಟು ಬೂದಾದ ಪುಟ್ಟ ಅಕ್ಷರಗಳನ್ನಿಟ್ಟಿದ್ದನು. ಜಾಲತಾಣಗಳು ಎಲ್ಲರಿಗೂ ಓದಲು ಬರುವಂತಿರಲೆಂದು ಮಾಡಿದ ಅಂತರರಾಷ್ಟ್ರೀಯ ಮಾರ್ಗಸೂಚಿಯು ಸಾಮಾನ್ಯ ಗಾತ್ರದ ಅಕ್ಷರಕ್ಕೂ ಹಿನ್ನೆಲೆಗೂ ಕನಿಷ್ಠ 4.5ಕ್ಕೆ 1ರ ಕಾಂಟ್ರಾಸ್ಟ್, ಎಂದರೆ ಹೊಳಪಿನ ಅಂತರ, ಇರಬೇಕೆನ್ನುತ್ತದೆ. ಸಂಘದ ಸದಸ್ಯರಲ್ಲಿ ಮುಕ್ಕಾಲು ಪಾಲು ಕನ್ನಡಕದವರಾದ ಕಾರಣ ಅಕ್ಷರ ಕಪ್ಪಾಯಿತು, ದೊಡ್ಡದಾಯಿತು.

ಆಡಳಿತ ಮಂಡಳಿಯ ಸಭೆಯಲ್ಲಿ ಕಾರ್ಯದರ್ಶಿಗಳು, ಲಗ್ನಪತ್ರಿಕೆಯ ಕೆಳಗೆ ಸುಖಾಗಮನ ಬಯಸುವವರ ಹೆಸರುಗಳಿರುವಂತೆ ಹನ್ನೊಂದು ನಿರ್ದೇಶಕರ ಹೆಸರುಗಳೂ ಪ್ರತಿ ಪುಟದ ಕೆಳಗೆ ಬರಲೆಂದರು. ಬಹಳ ಚರ್ಚೆಯಾಗಿ, ವಿಳಾಸ, ದೂರವಾಣಿ, ಕಚೇರಿಯ ವೇಳೆ, 'ಭಾನುವಾರ ರಜೆ' ಎಂಬಷ್ಟನ್ನೇ ಇಟ್ಟು, ಹೆಸರುಗಳನ್ನು ಬೇರೆ ಪುಟಕ್ಕೆ ಕಳುಹಿಸಿದೆವು. ತಾಣ ತೆರೆದ ಮರುದಿನ ಬೆಳಿಗ್ಗೆ ಆ ಸಂಖ್ಯೆಗೆ ಮೊದಲ ಕರೆ ಬಂದಿತು. ಸಭೆಗೆ ಬಾರದಿದ್ದ ಉಪಾಧ್ಯಕ್ಷರು, ತಮ್ಮ ಹೆಸರು ಫುಟರ್‌ನಲ್ಲಿ ಏಕಿಲ್ಲವೆಂದು ಕೇಳುತ್ತಿದ್ದರು.