ಅಯೋಧ್ಯೆಯವರನ್ನು ಬೈಯುವ ಮೊದಲು ಒಮ್ಮೆ ಮಂಜೇಶ್ವರಕ್ಕೆ ಬನ್ನಿ

2024ರ ಲೋಕಸಭಾ ಚುನಾವಣೆಯ ಮತ ಎಣಿಕೆ ಮುಗಿದು ಇನ್ನೂ ವಾರ ಆಗಲಿಲ್ಲ. ಇವತ್ತು ಬೆಳಗ್ಗೆ ನಮ್ಮ ಕುಟುಂಬದ ವಾಟ್ಸಾಪ್ ಗ್ರೂಪಿಗೆ ಬೆಂಗಳೂರಿನ ಭಾವ ಒಂದು ಸಂದೇಶ ದಾಟಿಸಿದ್ದಾರೆ. ಇನ್ನು ಅಯೋಧ್ಯೆಗೆ ಹೋದರೆ ರಾಮನಿಗೆ ಕೈಮುಗಿದು ಸೀದಾ ವಾಪಸ್ ಬರಬೇಕಂತೆ. ಅಲ್ಲಿ ಚಹಾ ಕುಡಿಯಬಾರದು, ಹೂ ಕೊಳ್ಳಬಾರದು, ರಿಕ್ಷಾ ಹತ್ತಬಾರದು. ಯಾಕೆ ಅಂದರೆ ರಾಮಮಂದಿರ ಆದ ಮೇಲೂ ಬಿಜೆಪಿಯನ್ನು ಸೋಲಿಸಿದ ಆ ಊರಿನವರು ಉಂಡ ಮನೆಗೆ ಎರಡು ಬಗೆದವರಂತೆ. ಕೆಳಗೆ ನಮ್ಮವರದ್ದೇ ಹೆಬ್ಬೆರಳುಗಳ ಸಾಲು.

ನಾನು ಯಾರಿಗೆ ವೋಟು ಹಾಕುವವ ಎಂದು ಇಲ್ಲಿ ಎಲ್ಲರಿಗೂ ಗೊತ್ತುಂಟು. ಅಪ್ಪ ಜನಸಂಘದ ದೀಪಕ್ಕೆ ಹಾಕಿದವರು, ನಾನು ಕಮಲಕ್ಕೆ. ರಾಮಮಂದಿರದ ಪ್ರಾಣಪ್ರತಿಷ್ಠೆಯ ದಿನ, ಜನವರಿ 22ರ ಸಂಜೆ, ಜಗಲಿ ಇಡೀ ಹಣತೆ ಇಟ್ಟ ಫೋಟೋ ಇದೇ ಗೋಡೆಯ ಮೇಲೆ ಹಾಕಿದ್ದೆ, ಕೆಳಗೆ ಹೋಗಿ ನೋಡಬಹುದು. ಹಾಗಾಗಿ ಇದನ್ನು ಓದಿ ನನ್ನನ್ನು ಆಚೆ ಕಡೆಗೆ ಸೇರಿಸಲಿಕ್ಕೆ ಹೊರಡಬೇಡಿ, ದಮ್ಮಯ್ಯ.

ಆದರೆ ಮಾರಾಯ್ರೆ, ಇದು ಎಂತ ಮಾತು? ಗುಡಿ ಕಟ್ಟಿದ್ದು ವೋಟಿಗೆ ಮುಂಗಡವೋ? ಹಾಗಾದರೆ ಇಷ್ಟು ವರ್ಷ ಅದು ನಂಬಿಕೆಯ ವಿಷಯ, ರಾಜಕೀಯ ಅಲ್ಲ ಎಂದು ನಾವು ಗಂಟಲು ಹರಿದುಕೊಂಡದ್ದು ಯಾವ ಸಂಭ್ರಮಕ್ಕೆ? ಎದುರು ಪಕ್ಷದವರು ನಮ್ಮ ಮೇಲೆ ಹೊರಿಸುತ್ತಿದ್ದ ಆರೋಪಕ್ಕೆ ಭಾವ ಒಂದೇ ಬೆಳಗ್ಗೆ ರುಜು ಹಾಕಿ ಕೊಟ್ಟರು.

ಇನ್ನೊಂದು ತಮಾಷೆ ನೋಡಿ. ಅಯೋಧ್ಯೆ ಸೇರಿರುವ ಫೈಜಾಬಾದ್ ಲೋಕಸಭಾ ಕ್ಷೇತ್ರದಲ್ಲಿ ನಮ್ಮ ಅಭ್ಯರ್ಥಿ ಲಲ್ಲೂ ಸಿಂಗ್ 54,567 ವೋಟಿನಿಂದ ಸೋತರು, ಸರಿ. ಆದರೆ ಆ ಕ್ಷೇತ್ರ ಅಂದರೆ ಅಯೋಧ್ಯೆ ಪೇಟೆ ಮಾತ್ರ ಅಲ್ಲ. ಮಿಲ್ಕಿಪುರ, ಬಿಕಾಪುರ, ರುದೌಲಿ, ದರಿಯಾಬಾದ್ ಎಲ್ಲ ಸೇರಿ ಐದು ವಿಧಾನಸಭಾ ಕ್ಷೇತ್ರ. ಹಿಂದೆ ಬಿದ್ದದ್ದು ಉಳಿದ ನಾಲ್ಕರಲ್ಲಿ. ಅಯೋಧ್ಯೆ ವಿಧಾನಸಭಾ ಕ್ಷೇತ್ರದಲ್ಲಿ ಸ್ವಲ್ಪವಾದರೂ ಮುಂದೆ ಇದ್ದದ್ದು ನಮ್ಮವರೇ! ನೀವು ಹೂ ಕೊಳ್ಳುವುದಿಲ್ಲ ಎಂದು ಶಪಥ ಮಾಡಿದ ಆ ಹೂವಿನವಳು ಕಮಲಕ್ಕೇ ಒತ್ತಿರಬಹುದು. ಬೈಯಲಿಕ್ಕೂ ಒಂದು ವಿಳಾಸ ಬೇಡವಾ?

ಅಲ್ಲಿ ಗುಡಿಯ ಕಡೆಗಿನ ರಸ್ತೆ, ರಾಮಪಥ, ಅಗಲ ಮಾಡುವಾಗ ಎಷ್ಟೋ ಜನರ ಅಂಗಡಿ, ಮನೆಯ ಎದುರುಭಾಗ ಹೋಯಿತು. ಪರಿಹಾರ ಸಾಲದು ಎಂಬ ದೂರು ಆಗಲೇ ಇತ್ತು. ಬೆಂಗಳೂರಿನಲ್ಲಿ ಕೂತವರಿಗೆ ಅದು ಎರಡು ಸಾಲಿನ ಸುದ್ದಿ. ಕೇರಳದ ಗಡಿಯೊಳಗಿನ ನಮ್ಮ ಮಂಜೇಶ್ವರ ಕಡೆಯ ಉಪ್ಪಳ, ಕುಂಬಳೆ ಪೇಟೆಯವರಿಗೆ ಬಿಡಿಸಿ ಹೇಳಬೇಕಾಗಿಲ್ಲ. ತಲಪಾಡಿಯಿಂದ ಈಚೆ ಆರು ಪಥದ ಹೆದ್ದಾರಿಗೆ ಗುರುತು ಹಾಕಿದ ಮೇಲೆ ಇಲ್ಲಿ ಎಷ್ಟು ಜಗಲಿ ಮಾಯವಾಯಿತು! ಹೆದ್ದಾರಿ ಬೇಡ ಎಂದು ಯಾರೂ ಹೇಳಲಿಲ್ಲ. ಆದರೆ ಅಂಗಡಿ ಕಳೆದುಕೊಂಡವನ ಹತ್ತಿರ ಹೋಗಿ, 'ಎಷ್ಟು ಚಂದದ ರಸ್ತೆ, ನೀನು ಋಣಿಯಾಗಿರು' ಎಂದು ಹೇಳಿ ನೋಡಿ. ತುಳುವಿನಲ್ಲಿ ಉತ್ತರ ಸಿಗುತ್ತದೆ, ಮಕ್ಕಳು ಹತ್ತಿರ ಇಲ್ಲದಾಗ ಕೇಳಿಸಿಕೊಳ್ಳಿ.

ಅದು ಬಿಡಿ. ನನಗೆ ನಿಜವಾಗಿ ಉರಿದದ್ದು ಒಂದು ಸೋಲಿಗೇ ಇಷ್ಟು ಗೋಳಾಡುವ ನಮ್ಮವರ ಸುಖದ ಅಭ್ಯಾಸ ಕಂಡು. ತಲಪಾಡಿ ಗಡಿಯ ಆಚೆ, ದಕ್ಷಿಣ ಕನ್ನಡದಲ್ಲಿ ನಮ್ಮ ಪಕ್ಷ 1991ರಿಂದ ಲೋಕಸಭೆಗೆ ಒಮ್ಮೆಯೂ ಸೋತಿಲ್ಲ. ಅದೇ 1991ರಲ್ಲಿ ಈಚೆ ಮಂಜೇಶ್ವರದಲ್ಲಿ ವಿಧಾನಸಭೆಗೆ ನಿಂತ ನಮ್ಮ ಕೆ.ಜಿ. ಮಾರಾರ್ ಸಾವಿರ ಚಿಲ್ಲರೆ ವೋಟಿನಿಂದ ಸೋತರು. 2016ರಲ್ಲಿ ಇಲ್ಲೇ ನಮ್ಮ ಕೆ. ಸುರೇಂದ್ರನ್ ಸೋತದ್ದು 89 ವೋಟಿನಿಂದ. ಎಂಬತ್ತೊಂಬತ್ತು! ಒಂದು ಮದುವೆ ಊಟದ ಮೊದಲ ಪಂಕ್ತಿಯಲ್ಲಿ ಅದಕ್ಕಿಂತ ಹೆಚ್ಚು ಜನ ಕೂರುತ್ತಾರೆ. 2021ರಲ್ಲಿ ಮತ್ತೆ ಅವರೇ, 745 ವೋಟು. ಗೆಲ್ಲುವ ಹೊತ್ತಿಗೆ ಸರಿಯಾಗಿ ಎಡದವರ ವೋಟು ಎಲ್ಲಿಗೆ ಜಾರುತ್ತದೆ ಎಂದು ನಾವು ಪ್ರತಿ ಸಲ ಲೆಕ್ಕ ಹಾಕುತ್ತೇವೆ. ಹಾಕಿ ಸುಮ್ಮನಾಗುತ್ತೇವೆ. ಮಂಜೇಶ್ವರದ ಮೀನು ತಿನ್ನಬೇಡಿ, ಕುಂಬಳೆಯಲ್ಲಿ ಚಹಾ ಕುಡಿಯಬೇಡಿ ಎಂದು ನಾವು ಯಾರಿಗಾದರೂ ಸಂದೇಶ ಕಳಿಸಿದ್ದುಂಟಾ?

ಒಂದು ಹೊಟ್ಟೆಕಿಚ್ಚಿನ ಮಾತೂ ಹೇಳಿಬಿಡುತ್ತೇನೆ. ಜೂನ್ 4ರಂದು ತೃಶ್ಶೂರಿನಲ್ಲಿ ಸುರೇಶ್ ಗೋಪಿ ಗೆದ್ದಾಗ ಎಲ್ಲರೂ ಪಟಾಕಿ ಹೊಡೆದರು. ಕೇರಳದಿಂದ ಲೋಕಸಭೆಗೆ ಮೊದಲ ಕಮಲ. ನಾನೂ ಚಪ್ಪಾಳೆ ತಟ್ಟಿದೆ, ಆದರೆ ಹೊಟ್ಟೆಯೊಳಗೆ ಎಂತದೋ ಹಿಂಡಿತು. ಕೇರಳ ವಿಧಾನಸಭೆಯ ಮೊದಲ ಕಮಲ ತಿರುವನಂತಪುರದ ನೇಮಂನಲ್ಲಿ ಅರಳಿದ್ದು ನಾವು 89 ವೋಟಿಗೆ ಬಿದ್ದ ಅದೇ ದಿನ. ಈಗ ತೃಶ್ಶೂರು. ದಶಕಗಳಿಂದ ಬಾಗಿಲಲ್ಲಿ ಕಾದು ನಿಂತವರು ನಾವು, ಒಳಗೆ ಹೋಗುವುದು ಮಾತ್ರ ಬೇರೆಯವರು. ಹಾಗೆಂದು ಸುರೇಶ್ ಗೋಪಿಯವರಿಗೂ ಅದು ಬಿಟ್ಟಿ ಬಂದದ್ದಲ್ಲ. 2019ರಲ್ಲಿ, 2021ರಲ್ಲಿ ಅದೇ ತೃಶ್ಶೂರಿನಲ್ಲಿ ಸೋತು, ಮತ್ತೆ ಅಲ್ಲಿಗೇ ಹೋಗಿ ಬಾಗಿಲು ತಟ್ಟಿದರು. ಸೋಲಿಸಿದ ಊರಿನ ಮೇಲೆ ಮುನಿಸಿಕೊಂಡು ಕೂತಿದ್ದರೆ ಆಗುತ್ತಿತ್ತಾ?

'ಅಷ್ಟು ದೊಡ್ಡ ಕೆಲಸ ಮಾಡಿದವರಿಗೆ ಬೇಸರ ಆಗುವುದಿಲ್ವಾ?' ಎಂದು ಭಾವ ಫೋನಿನಲ್ಲಿ ಕೇಳಿದರು. ಆಗುತ್ತದೆ ಭಾವ, ಖಂಡಿತ ಆಗುತ್ತದೆ. ಆ ಮಧ್ಯಾಹ್ನ ಟಿವಿ ಬಂದ್ ಮಾಡಿ ತೋಟಕ್ಕೆ ಇಳಿದವ ನಾನು. ಆದರೆ ಬೇಸರಕ್ಕೆ ಕಾರಣ ಹುಡುಕುವುದಾದರೆ ಅಯೋಧ್ಯೆಯ ಚಹಾದ ಅಂಗಡಿಗಿಂತ ಮೊದಲು ನಮ್ಮ ಬಾಯಿಯನ್ನು ನೋಡಬೇಕು. ನಾನೂರು ಸೀಟು ದಾಟುತ್ತೇವೆ ಎಂದು ಮೊದಲೇ ಡಂಗುರ ಹೊಡೆದರೆ, ಬಿಸಿಲಿನಲ್ಲಿ ಸಾಲು ನಿಲ್ಲಲಿಕ್ಕೆ ನಮ್ಮ ಕಾರ್ಯಕರ್ತನಿಗೇ ಮನಸ್ಸು ಎಲ್ಲಿಂದ ಬರಬೇಕು? ನಾನೂರು ಯಾಕೆ ಬೇಕು ಎಂಬುದಕ್ಕೆ ಅನಂತಕುಮಾರ್ ಹೆಗಡೆಯವರು ಸಂವಿಧಾನದ ಮಾತು ಎತ್ತಿದರು. ಅವರಿಗೆ ಟಿಕೆಟ್ ಸಿಗಲಿಲ್ಲ, ಆದರೆ ಮಾತು ಉಳಿಯಿತು. ಸಂವಿಧಾನ ಬದಲಿಸುವ ಅಂಥದೇ ಮಾತು ಆಡಿದ ಲಲ್ಲೂ ಸಿಂಗ್ ಅವರಿಗೆ ಟಿಕೆಟ್ ಸಿಕ್ಕಿತ್ತು. ಎದುರು ನಿಂತದ್ದು ಸಮಾಜವಾದಿ ಪಕ್ಷದ ಅವಧೇಶ್ ಪ್ರಸಾದ್, ಸಾಮಾನ್ಯ ಕ್ಷೇತ್ರದಲ್ಲಿ ನಿಂತ ದಲಿತ ಅಭ್ಯರ್ಥಿ. ಉತ್ತರ ಪ್ರದೇಶದಲ್ಲಿ ನಮ್ಮ ಸೀಟು 33ಕ್ಕೆ ಇಳಿದದ್ದು ಹೇಗೆ ಎಂದು ಇನ್ನೂ ಕೇಳುತ್ತೀರಾ? ಇಷ್ಟೆಲ್ಲ ಇದ್ದರೂ ತಪ್ಪು ಹೂವಿನವಳದ್ದು!

ನಮ್ಮದೇ ಕಾಸರಗೋಡಿನಲ್ಲಿ ಏನಾಯಿತು ಎಂದು ಆ ಗ್ರೂಪಿನಲ್ಲಿ ಒಬ್ಬರೂ ವಿಚಾರಿಸಲಿಲ್ಲ. ಕಾಂಗ್ರೆಸ್ಸಿನ ಉಣ್ಣಿತ್ತಾನ್ ಲಕ್ಷಕ್ಕೂ ಹೆಚ್ಚು ವೋಟಿನಿಂದ ಗೆದ್ದರು, ನಮ್ಮ ಅಶ್ವಿನಿ ಮೂರನೆಯವರು. ಶಾಲೆಯಲ್ಲಿ ಪಾಠ ಹೇಳುತ್ತಿದ್ದ ಹೆಣ್ಣುಮಗಳು, ಕನ್ನಡದವರಲ್ಲಿ ಕನ್ನಡ, ತುಳುವರಲ್ಲಿ ತುಳು, ಮಲಯಾಳಿಗಳಲ್ಲಿ ಮಲಯಾಳ ಮಾತಾಡಿಕೊಂಡು ಮಂಜೇಶ್ವರದಿಂದ ಕಲ್ಯಾಶ್ಶೇರಿವರೆಗೆ ಏಪ್ರಿಲಿನ ಸೆಖೆಯಲ್ಲಿ ತಿರುಗಿದರು. 2019ರಲ್ಲಿ ನಮ್ಮ ಅಭ್ಯರ್ಥಿ ರವೀಶ ತಂತ್ರಿಗಳಿಗೆ ಬಿದ್ದದ್ದು 1,76,049. ಈ ಸಲ 2,19,558. ಗೆಲ್ಲುವುದಿಲ್ಲ ಎಂದು ಗೊತ್ತಿದ್ದೂ ಹೋಗಿ ಒತ್ತಿ ಬಂದ ಎರಡು ಲಕ್ಷ ಹತ್ತೊಂಬತ್ತು ಸಾವಿರ ಜನ. ಪಕ್ಷದಿಂದ ನಮಗೆ ಏನು ಸಿಕ್ಕಿದೆ ಎಂದು ಲೆಕ್ಕ ಕೇಳಿಲ್ಲ. ನಮ್ಮಿಂದ ಪಕ್ಷಕ್ಕೆ ಒಂದು ಸೀಟೂ ಸಿಕ್ಕಿಲ್ಲ, ಅವರೂ ಕೇಳಿಲ್ಲ. 'ನಿಮ್ಮದು ವೇಸ್ಟ್ ವೋಟು ಮಾರಾಯ' ಎಂದು ವಿಟ್ಲದ ನೆಂಟರು ನಗುತ್ತಾರೆ. ನಗಲಿ. ಅದೇ ಏಪ್ರಿಲ್ 26ರಂದು ಅವರೂ ಒತ್ತಿದ್ದು, ಅವರಿಗೆ ಗೆಲುವು ಊಟದ ಉಪ್ಪಿನಕಾಯಿಯ ಹಾಗೆ, ಎಲೆ ಹಾಕಿದ ಕೂಡಲೇ ಬಂದುಬಿಡುತ್ತದೆ.

ಕಾಂಗ್ರೆಸ್ಸಿನ ಮತ್ತು ಕೆಂಪು ಬಾವುಟದ ಗೆಳೆಯರಿಗೆ ಒಂದು ಸೂಚನೆ. ಇದನ್ನು ಸ್ಕ್ರೀನ್‌ಶಾಟ್ ತೆಗೆದು 'ನೋಡಿ, ಅವರೇ ಒಪ್ಪಿಕೊಂಡರು' ಎಂದು ಹಂಚಬೇಡಿ. ನಮ್ಮ 240 ಸೀಟು ಅಂದರೆ ಇವತ್ತಿಗೂ ಕಾಂಗ್ರೆಸ್ಸಿನ 99ಕ್ಕಿಂತ ದೊಡ್ಡದೇ. ಮೂರನೇ ಸಲ ಪ್ರಮಾಣವಚನ ತೆಗೆದುಕೊಳ್ಳುವವರು ನಮ್ಮವರು, ನಾಯ್ಡು ಮತ್ತು ನಿತೀಶರ ಕೈ ಹಿಡಿದುಕೊಂಡಾದರೂ. ನಮ್ಮ ಜಗಳ ನಮ್ಮ ಮನೆಯೊಳಗಿನದು. ಮಂಜೇಶ್ವರದ ಲೆಕ್ಕ 2026ರಲ್ಲಿ ಮಾತಾಡುವ, ಅಲ್ಲಿಯವರೆಗೆ ಆ 745 ವೋಟನ್ನು ಜೋಪಾನವಾಗಿ ಇಟ್ಟುಕೊಳ್ಳಿ.